ಧಣಿ ತಿನ್ನುವ ಮೊದಲ ಪ್ಲೇಟು

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹೇಳಿದ ಹಿರಿಯರಲ್ಲಿ ಒಬ್ಬರೂ ಹೋಟೆಲ್ ಇಟ್ಟವರಿರಲಿಕ್ಕಿಲ್ಲ. ಇಟ್ಟಿದ್ದರೆ ಆ ಮಾತನ್ನು ಬಾಯಿಗೇ ತರುತ್ತಿರಲಿಲ್ಲ. ಪುಣೆಯ ಶಿವಾಜಿನಗರದಲ್ಲಿ, ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಹೋಟೆಲ್ ನಡೆಸುವ ಮೋಹನದಾಸ ಶೆಟ್ಟರನ್ನು ಕೇಳಿ ನೋಡಿ, ಅವರ ಪಾಲಿಗೆ ಊಟವೂ ಪರರಿಚ್ಛೆಯೇ. ಬೆಳಿಗ್ಗೆ ಶಟರ್ ಎತ್ತಿ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿದ ಮೇಲೆ ಅಡುಗೆಮನೆಯಿಂದ ಹೊರಬೀಳುವ ಮೊದಲ ಪ್ಲೇಟು ಇಡ್ಲಿ ವಡೆ ಧಣಿಯದು. ಅದನ್ನು ಒಳಗೆಲ್ಲೋ ಮೂಲೆಯಲ್ಲಿ ಕೂತು ತಿನ್ನುವಂತಿಲ್ಲ. ಬಾಗಿಲಿಗೆ ಎದುರಾದ ಮೊದಲ ಟೇಬಲಿನಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಕೂತು, ಸಾಂಬಾರಿನ ಬಟ್ಟಲು ಖಾಲಿ ಮಾಡಿ ಏಳಬೇಕು. ಗಿರಾಕಿಯ ಸರದಿ ಏನಿದ್ದರೂ ಆಮೇಲೆ.

ಇದು ಅವರ ಸೋದರಮಾವ ಹಾಕಿಕೊಟ್ಟ ಕಟ್ಟಲೆ. ಕುಂದಾಪುರದ ಕಡೆಯಿಂದ ಬಂದು ಈ ಹೋಟೆಲು ತೆರೆದವರು ಮಾವನೇ. ಹೋಟೆಲಿನ ಜೊತೆ ಕಟ್ಟಲೆಯನ್ನೂ ಅಳಿಯನ ಕೈಗೆ ಒಪ್ಪಿಸಿ ಹೋದರು. ಧಣಿ ತಿನ್ನದ್ದನ್ನು ಗಿರಾಕಿ ಯಾಕೆ ತಿನ್ನಬೇಕು ಎಂದು ಕೇಳುತ್ತಿದ್ದರು. ಹಿಂದೆ ಇದೇ ಗಲ್ಲಿಯಲ್ಲಿ ಇನ್ನೊಂದು ಹೋಟೆಲಿತ್ತಂತೆ. ಅದರ ಮಾಲೀಕನಿಗೆ ಮಧ್ಯಾಹ್ನ ಮನೆಯಿಂದ ಡಬ್ಬಿ ಬರುವುದನ್ನು ಯಾರೋ ವಕೀಲರು ನೋಡಿದರಂತೆ. ಅಷ್ಟೇ ಸಾಕಾಯಿತು, ವರ್ಷ ತಿರುಗುವುದರೊಳಗೆ ಬಾಗಿಲು ಮುಚ್ಚಿತಂತೆ. ಇದು ನಡೆದದ್ದೋ, ಅಳಿಯನನ್ನು ಹೆದರಿಸಲು ಮಾವ ಹೊಸೆದದ್ದೋ, ಯಾರಿಗೆ ಗೊತ್ತು? ಶೆಟ್ಟರಂತೂ ಅದನ್ನು ವೇದವಾಕ್ಯ ಮಾಡಿಕೊಂಡಿದ್ದರು.

ಆ ಮೊದಲ ಟೇಬಲಿನಲ್ಲಿ ಶೆಟ್ಟರ ಎದುರಿನ ಕುರ್ಚಿ ಏಕನಾಥರಾಯರದು. ರಾಯರು ಬೈಲಹೊಂಗಲದ ಕಡೆಯವರು, ಕೋರ್ಟಿನಲ್ಲಿ ಸ್ಟೆನೋ ಆಗಿದ್ದವರು. ನೌಕರಿಯಲ್ಲಿದ್ದಾಗ ಕೋರ್ಟಿಗೆ ಹೋಗುವ ಮುಂಚೆ ಇಲ್ಲಿ ತಿಂಡಿ ತಿನ್ನುವ ರೂಢಿ ಬಿದ್ದಿತ್ತು. ನಿವೃತ್ತಿಯಾದ ಮೇಲೂ ನಾರಾಯಣ ಪೇಠೆಯ ಮನೆಯಿಂದ ನದಿ ದಾಟಿ, ಬಿಸಿಲಿರಲಿ ಮಳೆಯಿರಲಿ ಕೊಡೆ ಹಿಡಿದು ನಡೆದೇ ಬರುತ್ತಿದ್ದರು. ಮೊದಲ ಪ್ಲೇಟು ಧಣಿಯದಾದರೆ ಎರಡನೆಯದು ರಾಯರದು. ಅವರಿಬ್ಬರೂ ಹೆಚ್ಚು ಮಾತಾಡುತ್ತಿದ್ದರು ಅಂದುಕೊಳ್ಳಬೇಡಿ. ಮಳೆ, ಮೊಣಕಾಲು, ಮುನಿಸಿಪಾಲಿಟಿ, ಇಷ್ಟರಲ್ಲಿ ತಿಂಡಿ ಮುಗಿಯುತ್ತಿತ್ತು. ಆದರೆ ಆ ಕಾಲು ಗಂಟೆ ಶೆಟ್ಟರಿಗೆ ದಿನದ ಊರುಗೋಲು. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಮಗಳು ಶ್ರದ್ಧಾ ಗಂಡನೊಂದಿಗೆ ತಳೇಗಾಂವದಲ್ಲಿದ್ದಳು. ಹೋಟೆಲಿನ ಮೇಲಿನ ಎರಡು ಕೋಣೆಗಳಲ್ಲಿ ಶೆಟ್ಟರು ಒಬ್ಬರೇ. ದಿನವಿಡೀ ನೂರಾರು ಜನ ಎದುರಿಗೆ ಬಂದು ಕೂತೆದ್ದು ಹೋದರೂ ಅವರೊಡನೆ ಕೂತು ತಿನ್ನುವವರು ಎಂದರೆ ಲೋಕದಲ್ಲಿ ರಾಯರೊಬ್ಬರೇ.

ಹೀಗಿರುವಾಗ ಕಳೆದ ಚಳಿಗಾಲದಲ್ಲಿ ಶೆಟ್ಟರ ಎದೆ ಹಿಡಿದುಕೊಂಡಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವರು ಬೆವೆತು ನೀರಾದರು. ಗ್ಯಾಸ್ ಇರಬೇಕು ಎಂದು ಜೀರಿಗೆ ಕಷಾಯ ಕುಡಿದು ನೋಡಿದರು. ಹೋಟೆಲಿನವರಿಗೆ ಎದೆನೋವು ಎಂದರೆ ಗ್ಯಾಸೇ, ಬೇರೆ ಹೊಳೆಯುವುದಿಲ್ಲ. ಕೊನೆಗೆ ಮಗಳು ಬಂದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ರಕ್ತನಾಳದಲ್ಲಿ ಸ್ಟೆಂಟ್ ಹಾಕಿದರು. ಕೊಲೆಸ್ಟರಾಲ್ ಮಿತಿ ಮೀರಿತ್ತು. ಮಾತ್ರೆ ತಪ್ಪಿಸಬೇಡಿ, ಕರಿದದ್ದು ಮುಟ್ಟಬೇಡಿ, ದಿನಾ ನಡೆಯಿರಿ, ಬೆಳಿಗ್ಗೆ ಓಟ್ಸ್ ತಿನ್ನಿ ಎಂದರು ಡಾಕ್ಟರು. ಓಟ್ಸಿನಲ್ಲಿ ನೀರಿಗೆ ಕರಗುವ ನಾರು ಇರುತ್ತದೆ, ಅದು ಹೊಟ್ಟೆಯೊಳಗೆ ಲೋಳೆಯಾಗಿ ಕೊಲೆಸ್ಟರಾಲನ್ನು ರಕ್ತಕ್ಕೆ ಸೇರಗೊಡದೆ ಹೊರಗೆ ಸಾಗಿಸುತ್ತದೆ ಎಂದು ಆಹಾರ ಹೇಳಿಕೊಡುವ ಹುಡುಗಿಯೊಬ್ಬಳು ವಿವರಿಸಿದಳು. ಒಂದೇ ದಿನದಲ್ಲಿ ಪವಾಡ ಆಗುವುದಿಲ್ಲ, ತಿಂಗಳುಗಟ್ಟಲೆ ತಿನ್ನಬೇಕು, ಹಾಗಂತ ಮಾತ್ರೆ ಬಿಡುವಂತಿಲ್ಲ ಎಂದೂ ಎಚ್ಚರಿಸಿದಳು. ಶೆಟ್ಟರು ಎಲ್ಲಕ್ಕೂ ತಲೆಯಾಡಿಸಿದರು. ತಲೆಯೊಳಗೆ ಓಡುತ್ತಿದ್ದದ್ದು ಮಾತ್ರ ಒಂದೇ: ಮೊದಲ ಟೇಬಲಿನಲ್ಲಿ ಇನ್ನು ಏನು ತಿನ್ನಲಿ?

ಹೋಟೆಲಿಗೆ ಹಿಂತಿರುಗಿದಾಗ ಕೇಳಿದವರಿಗೆಲ್ಲ ಊರಿಗೆ ಹೋಗಿದ್ದೆ, ಮನೆ ದೈವದ ನೇಮೋತ್ಸವ ಇತ್ತು ಎಂದುಬಿಟ್ಟರು. ವಡೆ ಮಾರುವವನಿಗೇ ಹೃದಯದ ಕಾಯಿಲೆ ಎಂದು ಗಲ್ಲಿಯಲ್ಲಿ ಸುದ್ದಿಯಾದರೆ ಮುಗಿದೇ ಹೋಯಿತಲ್ಲ! ನಿಜ ಗೊತ್ತಿದ್ದದ್ದು ಮಗಳಿಗೆ, ಅಳಿಯನಿಗೆ, ಅಡುಗೆಯ ಅಪ್ಪಿಗೆ. ರಾಯರಿಗೂ ಅದೇ ನೇಮದ ಕಥೆ. ನೇಮ ಚೆನ್ನಾಗಿ ಆಯ್ತೇನ್ರಿ ಎಂದು ಅವರು ಕೇಳಿದರು. ಚೆನ್ನಾಗಿ ಆಯಿತು ಎಂದರು ಶೆಟ್ಟರು. ಮಾವನ ದೈವಕ್ಕೆ ಮನಸ್ಸಿನಲ್ಲೇ ತಪ್ಪುಕಾಣಿಕೆ ಇಟ್ಟರು.

ಮೊದಮೊದಲು ಶೆಟ್ಟರು ಉಗ್ರಾಣದಲ್ಲಿ ಅಕ್ಕಿಮೂಟೆಗಳ ನಡುವೆ ನಿಂತು ಓಟ್ಸಿನ ಗಂಜಿ ನುಂಗಿ, ಆಮೇಲೆ ಮೊದಲ ಟೇಬಲಿಗೆ ಬಂದು ಇಡ್ಲಿಯನ್ನು ಚೂರು ಮಾಡುತ್ತ ತಿಂದಂತೆ ನಟಿಸುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ. ಅಪ್ಪಿಗೆ ಇದನ್ನು ನೋಡಲಾಗಲಿಲ್ಲ. ಅವನಿಗೆ ಓಟ್ಸ್ ಕಂಡರೇ ಆಗುತ್ತಿರಲಿಲ್ಲ, ಇದು ಗಂಜಿಗೂ ಆಗ್ಲಿಕ್ಕಿಲ್ಲ, ಕುದುರೆಗೆ ಹಾಕುವುದು ಎಂದು ಗೊಣಗುತ್ತಿದ್ದ. ಆದರೂ ಧಣಿ ಕಳ್ಳನ ಹಾಗೆ ತಿನ್ನುವುದು ಬೇಡವೆಂದು ಒಂದು ಉಪಾಯ ಮಾಡಿದ. ಓಟ್ಸನ್ನು ಹುರಿದು, ಸಾಸಿವೆ ಕರಿಬೇವಿನ ಒಗ್ಗರಣೆ ಹಾಕಿ, ಕ್ಯಾರೆಟ್ ಬೀನ್ಸ್ ಸೇರಿಸಿ, ಬಟ್ಟಲಿನಿಂದ ಕವುಚಿ ಹೋಟೆಲಿನ ಪ್ಲೇಟಿಗೆ ಹಾಕಿದ. ದೂರದಿಂದ ನೋಡಿದರೆ ಉಪ್ಪಿಟ್ಟೇ. ಧಣಿ ಇಡ್ಲಿ ವಡೆ ಬಿಟ್ಟು ಉಪ್ಪಿಟ್ಟು ಹಿಡಿದಿದ್ದಾರೆ ಎಂದುಕೊಂಡರೆ ಯಾರ ಗಂಟೇನು ಹೋಯಿತು? ಶೆಟ್ಟರು ನಿರಾಳವಾದರು. ಮೊದಲ ಟೇಬಲಿನಲ್ಲಿ ಮತ್ತೆ ಎದೆಯುಬ್ಬಿಸಿ ಕೂತರು.

ರಾಯರು ಮಾತ್ರ ಆ ದಿನ ಪ್ಲೇಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವರ ಮುಂದೆ ಎಂದಿನಂತೆ ವಡೆ ಬಂದಿತ್ತು. ಅದನ್ನು ಮುಟ್ಟದೆ ಸ್ವಲ್ಪ ಹೊತ್ತು ಕೂತರು. ಆಮೇಲೆ ಮುಖದಲ್ಲಿ ಏನೋ ಬೆಳಕು ಮೂಡಿ, ಮುಂದಕ್ಕೆ ಬಾಗಿ ಸಣ್ಣ ದನಿಯಲ್ಲಿ ಹೇಳಿದರು:

"ಶೆಟ್ಟರ, ನನಗೂ ಅದನ್ನ ಕೊಡ್ರಿ. ಇವತ್ತ ವಡೆ ಬ್ಯಾಡ."

ಒಂದು ತುತ್ತು ಬಾಯಿಗಿಟ್ಟರೆ ಇದು ರವೆಯಲ್ಲ ಎಂದು ರಾಯರಿಗೆ ತಿಳಿದುಹೋಗುತ್ತದೆ. ತಿಳಿದರೆ ಯಾಕೆ ಎಂದು ಕೇಳುತ್ತಾರೆ. ಪಕ್ಕದ ಟೇಬಲಿನಲ್ಲಿ ಆಗಲೇ ಇಬ್ಬರು ವಕೀಲರು ಬಂದು ಕೂತಿದ್ದರು. ಕುಂಬಳಕಾಯಿ ಕಳ್ಳನ ಹಾಗೆ ಶೆಟ್ಟರು ಹೆಗಲು ಮುಟ್ಟಿ ನೋಡಿಕೊಂಡರು.

"ಬೇಡ ರಾಯರೇ, ಇವತ್ತು ಉಪ್ಪಿಟ್ಟು ಸರಿ ಬರಲಿಲ್ಲ. ನೀವು ವಡೆಯೇ ತಿನ್ನಿ, ಬಿಸಿ ಉಂಟು" ಎಂದು ಹೇಳಿ, ಅಪ್ಪಿಯನ್ನು ಕೂಗಿ ಇನ್ನೊಂದು ವಡೆಯನ್ನೂ ಹಾಕಿಸಿದರು. ಉಪಚಾರ ಹೆಚ್ಚೇ ಆಯಿತು.

ರಾಯರ ಮುಖದ ಬೆಳಕು ಹೋಯಿತು. ಅವರು ಎರಡೂ ವಡೆಗಳನ್ನು ನಿಧಾನವಾಗಿ, ಒಂದು ಚೂರೂ ಬಿಡದೆ ತಿಂದರು. ಕೈ ತೊಳೆದು ಬಂದು, ಬರ್ತೀನ್ರಿ ಶೆಟ್ಟರ ಎಂದು ಹೇಳಿ ಹೋದರು. ದಿನಾ ಹೇಳುವ ಮಾತೇ ಅದು. ಶೆಟ್ಟರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗುಟ್ಟು ಉಳಿಯಿತಲ್ಲ ಎಂದು ಉಸಿರು ಬಿಟ್ಟರು.

ಮರುದಿನ ರಾಯರು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಊರಿಗೆ ಹೋಗಿರಬೇಕು, ನೆಗಡಿ ಆಗಿರಬೇಕು, ಮನೆಗೆ ನೆಂಟರು ಬಂದಿರಬೇಕು ಎಂದು ಶೆಟ್ಟರು ಒಂದೊಂದು ದಿನಕ್ಕೆ ಒಂದೊಂದು ಕಾರಣ ಕಟ್ಟಿಕೊಂಡರು. ಫೋನು ಮಾಡಿದರೆ ರಾಯರ ಹೆಂಡತಿ ಇಂದೂಬಾಯಿ ಎತ್ತಿ, ಆರಾಮ ಇದ್ದಾರ್ರಿ, ಹೊರಗ ಹೋಗ್ಯಾರ ಎಂದರು. ಆರಾಮ ಇದ್ದು, ಹೊರಗೂ ಹೋಗುತ್ತ, ಇಲ್ಲಿಗೆ ಮಾತ್ರ ಬರುವುದಿಲ್ಲ ಎಂದರೇನು? ಶೆಟ್ಟರು ತಲೆ ಕೆರೆದುಕೊಂಡರು. ಹಿಂದಿನ ವಾರ ಸಾಂಬಾರಿಗೆ ಉಪ್ಪು ಹೆಚ್ಚಾಗಿತ್ತೇ? ಬಿಲ್ಲು ಕೊಡಲು ಬಂದವನು ಏನಾದರೂ ಅಂದನೇ? ತಾನು ಅಂದದ್ದು ಮಾತ್ರ ಅವರಿಗೆ ಹೊಳೆಯಲಿಲ್ಲ. ನಮ್ಮ ಬೆನ್ನು ನಮಗೆಲ್ಲಿ ಕಾಣುತ್ತದೆ!

ಎದುರಿಗೆ ಯಾರೂ ಇಲ್ಲದ ಟೇಬಲಿನಲ್ಲಿ ಓಟ್ಸ್ ತಿನ್ನುವುದಿದೆಯಲ್ಲ, ಅದನ್ನು ಶತ್ರುವಿಗೂ ಹೇಳಬಾರದು. ವಡೆಗಾದರೂ ಕುರುಕುರು ಸದ್ದು ಇರುತ್ತದೆ. ಇದಕ್ಕೆ ಅದೂ ಇಲ್ಲ. ಶೆಟ್ಟರು ಬೀದಿ ನೋಡುತ್ತ ನುಂಗುತ್ತಿದ್ದರು. ನದಿಯ ಕಡೆಯಿಂದ ಕೊಡೆ ಹಿಡಿದು ಯಾರೇ ಬಂದರೂ ಚಮಚ ಅಲ್ಲಿಗೇ ನಿಲ್ಲುತ್ತಿತ್ತು. ಹತ್ತಿರ ಬಂದರೆ ಇನ್ನಾರೋ. ಮಧ್ಯಾಹ್ನದ ಗಲಾಟೆ, ಸಂಜೆಯ ಕಾಫಿ, ರಾತ್ರಿಯ ಶಟರು, ಆಮೇಲೆ ಮೇಲಿನ ಕೋಣೆಯಲ್ಲಿ ತನ್ನಷ್ಟಕ್ಕೆ ಮಾತಾಡುವ ಟಿ.ವಿ. ಎದೆ ಹಿಡಿದ ದಿನವೂ ಅವರಿಗೆ ಇಷ್ಟು ಹೆದರಿಕೆ ಆಗಿರಲಿಲ್ಲ. ತನಗೆ ಯಾರೂ ಇಲ್ಲ ಎಂದು ಒಂದು ದಿನ ಹಾಸಿಗೆಯಲ್ಲಿ ಬಾಯಿಬಿಟ್ಟೇ ಹೇಳಿಕೊಂಡರು.

ಮಳೆಗಾಲ ಹಿಡಿದ ಮೇಲೆ ರಕ್ತಪರೀಕ್ಷೆ ಮಾಡಿಸಿದರು. ಕೊಲೆಸ್ಟರಾಲ್ ಚೆನ್ನಾಗಿ ಇಳಿದಿತ್ತು. ಡಾಕ್ಟರು ಬೆನ್ನು ತಟ್ಟಿ, ಮಾತ್ರೆಯ ಕೆಲಸವೂ ಹೌದು, ನಿಮ್ಮ ಓಟ್ಸಿನ ಪಾಲೂ ಉಂಟು, ಹೀಗೇ ಮುಂದುವರಿಸಿ ಎಂದರು. ಶೆಟ್ಟರಿಗೆ ಪರೀಕ್ಷೆ ಪಾಸಾದ ಹುಡುಗನ ಹಾಗೆ ಖುಷಿಯಾಯಿತು. ಶ್ರದ್ಧಾಗೆ ಫೋನು ಮಾಡಿದರೆ ಅವಳು ಕೆಲಸದ ನಡುವೆ ಇದ್ದಳು, ಭಾರಿ ಒಳ್ಳೆದಾಯ್ತು ಪಪ್ಪಾ, ಭಾನುವಾರ ಬರ್ತೇವೆ ಎಂದು ಇಟ್ಟಳು. ಇನ್ನಾರಿಗೆ ಹೇಳುವುದು? ಕಾಯಿಲೆಯೇ ಯಾರಿಗೂ ಗೊತ್ತಿಲ್ಲ, ಗುಣವಾಯಿತು ಎಂದು ಹೇಳುವುದು ಹೇಗೆ? ರಸ್ತೆಬದಿಯಲ್ಲಿ ರಿಪೋರ್ಟು ಹಿಡಿದು ನಿಂತಾಗ ಅವರಿಗೆ ನೆನಪಾದದ್ದು ಒಂದೇ ಮುಖ. ರಿಕ್ಷಾ ಹಿಡಿದು ನಾರಾಯಣ ಪೇಠೆಗೆ ಹೋದರು.

ಇಷ್ಟು ವರ್ಷದಲ್ಲಿ ರಾಯರ ಮನೆಗೆ ಅವರು ಹೋದದ್ದು ಅದೇ ಮೊದಲು. ಹೋಟೆಲಿನವನಿಗೆ ಯಾರ ಮನೆಗೂ ಹೋಗಿ ರೂಢಿಯಿಲ್ಲ, ಜನರೇ ಅವನ ಹತ್ತಿರ ಬರುತ್ತಾರೆ. ಎರಡು ಮಹಡಿ ಹತ್ತಿ, ಸುಧಾರಿಸಿಕೊಂಡು, ಬೆಲ್ಲು ಒತ್ತಿದರು. ಬಾಗಿಲು ತೆರೆದವರು ರಾಯರೇ. ತೆಳ್ಳಗಾಗಿದ್ದರು, ಮುಖದಲ್ಲಿ ಕಳೆಯಿತ್ತು.

"ಬರ್ರಿ ಶೆಟ್ಟರ, ಬರ್ರಿ" ಎಂದು ಕರೆದು ಕೂರಿಸಿದರು. ಮಳೆ ವಿಚಾರಿಸಿದರು, ಮೊಣಕಾಲು ವಿಚಾರಿಸಿದರು. ಎಲ್ಲ ಮೊದಲಿನ ಹಾಗೇ, ಆದರೆ ನ್ಯಾಯಾಧೀಶರ ಮುಂದೆ ಕೂತವರ ಹಾಗೆ ಅಳೆದು ತೂಗಿದ ಮಾತು. ಒಳಗಿನಿಂದ ಇಂಗಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಇಂದೂಬಾಯಿ ಒಂದು ಬಟ್ಟಲು ತಂದು ರಾಯರ ಮುಂದಿಟ್ಟರು. ಬೇಯಿಸಿದ ಓಟ್ಸಿಗೆ ಮಜ್ಜಿಗೆ ಕಲಸಿ, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟದ್ದು. ಶೆಟ್ಟರು ಬಟ್ಟಲನ್ನೇ ನೋಡಿದರು. ಅತಿಥಿಗೂ ಇದನ್ನೇ ತರಲೇ ಎಂದು ಇಂದೂಬಾಯಿ ಗಂಡನನ್ನು ಸಂಕೋಚದಿಂದ ಕೇಳಿದರು.

"ಶೆಟ್ಟರಿಗೆ ಅದು ಬ್ಯಾಡ" ಎಂದರು ರಾಯರು, ತಣ್ಣಗೆ. "ಹಾಟೆಲಿನ ಧಣಿ ಅವರು, ಇದು ಎಲ್ಲಿ ಸೇರತದ? ತುಪ್ಪಾ ಹಾಕಿ ಶಿರಾ ಮಾಡಿಕೊಡು."

ಶೆಟ್ಟರಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವತ್ತಿನ ಮೊದಲ ಟೇಬಲು, ಬಾಗಿ ಕೇಳಿದ ಆ ಸಣ್ಣ ದನಿ, ತಾನು ಹಾಕಿಸಿದ ಎರಡನೆಯ ವಡೆ, ಎಲ್ಲವೂ ಒಟ್ಟಿಗೇ ಕಣ್ಣ ಮುಂದೆ ಬಂತು. ಇಂದೂಬಾಯಿ ಒಳಗೆ ಹೋಗಲು ತಿರುಗಿದ್ದರು.

"ಇಂದಕ್ಕಾ, ನನಗೂ ಅದನ್ನೇ ಕೊಡಿ" ಎಂದರು ಶೆಟ್ಟರು. "ನನ್ನ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಊರಲ್ಲಿ ನೇಮ ಎಂತದೂ ಇರಲಿಲ್ಲ."

ಇಂದೂಬಾಯಿ ಅಯ್ಯೋ ಎಂದರು. ರಾಯರು ಎರಡನೆಯ ಬಟ್ಟಲು ಬರುವ ತನಕ ತಮ್ಮದನ್ನೂ ಮುಟ್ಟದೆ ಕಾದರು. ಆಮೇಲೆ ಇಬ್ಬರೂ ತಿಂದರು. ಮಜ್ಜಿಗೆಯ ಹುಳಿ, ಇಂಗಿನ ಘಮ, ನಾಲಿಗೆಗೆ ಹಿತವಾಗಿಯೇ ಇತ್ತು. ಎಷ್ಟೋ ತಿಂಗಳ ಮೇಲೆ ಎದುರಿಗೊಬ್ಬರನ್ನು ಇಟ್ಟುಕೊಂಡು ತಿನ್ನುತ್ತಿದ್ದೇನೆ ಎಂದು ನೆನೆದಾಗ ಶೆಟ್ಟರ ಕಣ್ಣಿಗೆ ನೀರು ಬಂತು. ರಿಪೋರ್ಟು ತೆಗೆದು ತೋರಿಸಿದರು. ರಾಯರು ಕನ್ನಡಕ ಹಾಕಿಕೊಂಡು ಓದಿ, ಭಾಳ ಚಲೋ ಆತು ಎಂದು ಮನಸಾರೆ ಹೇಳಿದರು. ತಮಗೂ ಚಳಿಗಾಲದ ಹೊತ್ತಿಗೇ ಕೊಲೆಸ್ಟರಾಲ್ ಏರಿತ್ತು, ಡಾಕ್ಟರು ವಡೆ ಬಿಡಿ ಎಂದಿದ್ದರು, ಬಿಟ್ಟರೆ ಶೆಟ್ಟರಿಗೆ ಬೇಸರವಾದೀತು ಎಂದು ತಾವು ತಿನ್ನುತ್ತಲೇ ಇದ್ದುದಾಗಿ ಹೇಳಿದರು. ಇಂದೂಬಾಯಿ ಮನೆಯಲ್ಲಿ ಓಟ್ಸ್ ಮಾಡಿಟ್ಟರೆ ಒಬ್ಬನೇ ತಿನ್ನಲಾರೆ ಎಂದು ದೂಡುತ್ತಿದ್ದರಂತೆ. ಅವತ್ತು ಶೆಟ್ಟರ ಪ್ಲೇಟಿನಲ್ಲಿರುವುದು ಉಪ್ಪಿಟ್ಟಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತಂತೆ. ಇನ್ನು ಇಬ್ಬರೂ ಜೊತೆಗೇ ತಿನ್ನಬಹುದು ಎಂದು ಎಷ್ಟು ಸಂತೋಷವಾಗಿತ್ತೆಂದರೆ, ಎಂದು ಹೇಳಹೊರಟವರು ಅಲ್ಲಿಗೇ ನಿಲ್ಲಿಸಿದರು.

"ತಪ್ಪಾಯ್ತು ರಾಯರೇ. ಹೋಟೆಲಿನ ಹೆಸರು ಹೋಗ್ತದೆ ಅಂತ ಹೆದರಿದೆ."

ರಾಯರು ಚಮಚವನ್ನು ಬಟ್ಟಲಿನೊಳಗೆ ಸದ್ದಾಗದಂತೆ ಇಟ್ಟರು.

"ಕೋರ್ಟಿನ್ಯಾಗ ಕೂತು ಜನ್ಮಾ ಪೂರ್ತಿ ಮಂದಿ ಹೇಳಿದ್ದು ಬರಕೊಂಡೇನ್ರಿ ಶೆಟ್ಟರ. ಗಂಡ ಹೆಂಡತಿದು, ಅಣ್ಣ ತಮ್ಮರದು, ಕೇಳಬಾರದ್ದೆಲ್ಲಾ ಕೇಳೇನಿ. ಮನಿಗೆ ಬಂದು ಇಕಿ ಮುಂದ ಸುದ್ದಾ ಒಂದ ಮಾತ ಆಡಿಲ್ಲ. ನಿಮ್ಮದೊಂದು ಎದಿಬ್ಯಾನಿ ನನ್ನ ಹೊಟ್ಟ್ಯಾಗ ಇರತಿದ್ದಿಲ್ಲೇನು?"

ಶೆಟ್ಟರು ಏಳುವಾಗ, ನಾಳೆಯಿಂದ ಬನ್ನಿ, ಇಬ್ಬರಿಗೂ ಓಟ್ಸ್ ಮಾಡಿಸುತ್ತೇನೆ, ಎಲ್ಲರ ಎದುರಿಗೇ ತಿನ್ನೋಣ ಎಂದು ಕೈಹಿಡಿದು ಕರೆದರು. ರಾಯರು ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಮೆಲ್ಲಗೆ ತಟ್ಟಿದರು. "ನೋಡೋಣಂತ್ರಿ" ಎಂದರು. ನೋಡೋಣ ಎಂದವರು ಬಂದದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ? ಶೆಟ್ಟರೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಶೆಟ್ಟರು ಅಪ್ಪಿಗೆ ಹೇಳಿದರು: ಉಪ್ಪಿಟ್ಟಿನ ವೇಷ ಸಾಕು, ಗಂಜಿಯನ್ನು ಗಂಜಿಯ ಹಾಗೇ ತಾ, ಎರಡು ಬಟ್ಟಲು ತಾ. ಒಂದನ್ನು ತಮ್ಮ ಮುಂದೆ, ಇನ್ನೊಂದನ್ನು ಎದುರಿನ ಕುರ್ಚಿಯ ಮುಂದೆ ಇಡಿಸಿಕೊಂಡು, ಬೀದಿಗೆ ಕಾಣುವಂತೆ ಕೂತರು. ಪಕ್ಕದ ಟೇಬಲಿನ ವಕೀಲರೊಬ್ಬರು ಬಗ್ಗಿ ನೋಡಿ, ಶೇಠ್, ಇದೇನು ಎಂದು ಮರಾಠಿಯಲ್ಲಿ ಕೇಳಿದರು. ಓಟ್ಸ್, ನನಗೆ ಹೃದಯದ ಕಾಯಿಲೆ, ಆಪರೇಷನ್ ಆಗಿದೆ, ವಡೆ ತಿನ್ನುವಂತಿಲ್ಲ ಎಂದು ಶೆಟ್ಟರು ಎಲ್ಲರಿಗೂ ಕೇಳುವಂತೆಯೇ ಹೇಳಿದರು. ಹೇಳಿ, ಹೋಟೆಲು ತಲೆಯ ಮೇಲೆ ಕುಸಿಯುವುದನ್ನು ಕಾದರು.

ಅಸಂ ಕಾ, ಕಾಳಜೀ ಘ್ಯಾ ಎಂದರು ವಕೀಲರು, ಅಂದರೆ ಹೌದಾ, ಜೋಪಾನ ಎಂದು. ನಮ್ಮ ಮಾವನೂ ಅದನ್ನೇ ತಿನ್ನುತ್ತಾರೆ ಎಂದೂ ಸೇರಿಸಿದರು. ಆಮೇಲೆ ಅಪ್ಪಿಯ ಕಡೆ ತಿರುಗಿ ಎರಡು ಪ್ಲೇಟು ವಡೆ ಹೇಳಿದರು, ಚಟ್ನಿ ಜಾಸ್ತಿ.

ಅಷ್ಟೇ. ಸೋದರಮಾವನ ಕಾಲದಿಂದ ಕಾಯ್ದುಕೊಂಡು ಬಂದ ಹೆದರಿಕೆಯ ಬೆಲೆ ಇಷ್ಟೇ ಆಗಿತ್ತು. ಯಾರೂ ಎದ್ದು ಹೋಗಲಿಲ್ಲ, ಯಾರೂ ಮೂಗು ಮುರಿಯಲಿಲ್ಲ, ವಡೆಗಳು ದಿನದ ಹಾಗೇ ಖರ್ಚಾದವು. ಇದಕ್ಕಾಗಿ ನಾನು ಅವರನ್ನು ಕಳೆದುಕೊಂಡೆನೇ ಎಂದು ಶೆಟ್ಟರು ಯೋಚಿಸಿದರು. ಯೋಚಿಸಿದಷ್ಟೂ ತುತ್ತು ಇಳಿಯಲಿಲ್ಲ. ನದಿಯ ಕಡೆಯ ದಾರಿಯಲ್ಲಿ ಕೊಡೆಗಳು ಬರುತ್ತಿದ್ದವು, ಹತ್ತಿರ ಬಂದು ಇನ್ನಾರದೋ ಆಗುತ್ತಿದ್ದವು. ಎದುರಿನ ಬಟ್ಟಲಿನ ಗಂಜಿ ತಣ್ಣಗಾಗಿ ಕೆನೆಗಟ್ಟಿತು.

ಕೋರ್ಟಿನ ಹೊತ್ತಾಗುತ್ತಿದ್ದಂತೆ ಹೋಟೆಲು ತುಂಬಿತು. ಕೈಯಲ್ಲಿ ಫೈಲು ಹಿಡಿದ ಯಾರೋ ಹಳ್ಳಿಯವನೊಬ್ಬ ಜಾಗ ಹುಡುಕುತ್ತ ಮೊದಲ ಟೇಬಲಿನ ಹತ್ತಿರ ಬಂದ. ತುಂಬಿದ ಬಟ್ಟಲು ಕಂಡು ಹಿಂಜರಿದು, ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ಮರಾಠಿಯಲ್ಲಿ ಕೇಳಿದ. ಶೆಟ್ಟರು ಇನ್ನೊಮ್ಮೆ ಬೀದಿಯ ಕಡೆ ನೋಡಿದರು. ಆಮೇಲೆ ಆ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಕೋಣೀ ನಾಹೀ" ಎಂದರು. ಯಾರೂ ಇಲ್ಲ, ಕೂತುಕೊಳ್ಳಿ.